ಯಕೃತ್ತಿನ ಮೌನ, ಬಾಯಿಯ ಸಾಕ್ಷ್ಯ



ಕಾಯಕಕ್ಕೆ ಕಾಯವೇ ಮೊದಲ ಉಪಕರಣ. ಕಾಯ ಕೆಟ್ಟರೆ ಕಾಯಕ ನಿಲ್ಲುತ್ತದೆ, ಕಾಯಕ ನಿಂತರೆ ದಾಸೋಹವೂ ನಿಲ್ಲುತ್ತದೆ. ಈ ಮಾತನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಒಪ್ಪಿದಂತೆ ನಡೆಯುವುದು ವಿರಳ. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರದ ಮುಂದೆ ನಿಂತ ಕಾರ್ಮಿಕನು ಯಂತ್ರದ ಸದ್ದು ತುಸು ಬದಲಾದರೂ ಕೂಡಲೇ ಅದನ್ನು ನಿಲ್ಲಿಸಿ ಎಣ್ಣೆ ನೋಡುತ್ತಾನೆ, ಬೇರಿಂಗ್ ನೋಡುತ್ತಾನೆ. ಎಲೆಕ್ಟ್ರಾನಿಕ್ ಸಿಟಿಯ ಗಣಕ ತಂತ್ರಜ್ಞನು ಪರದೆಯ ಮೇಲೆ ಒಂದು ಸಣ್ಣ ಎಚ್ಚರಿಕೆಯ ಸಾಲು ಮೂಡಿದರೂ ಅದರ ಮೂಲವನ್ನು ಹುಡುಕದೆ ಬಿಡುವುದಿಲ್ಲ. ಇದೇ ಜನರು ತಮ್ಮ ಒಸಡಿನಲ್ಲಿ ರಕ್ತ ಜಿನುಗಿದರೆ ಲವಂಗದ ಎಣ್ಣೆ ಹಚ್ಚಿ ಪಾಳಿಗೆ ಹೊರಡುತ್ತಾರೆ. ಯಂತ್ರದ ಮಾತು ಕೇಳುವ ನಾವು ಶರೀರದ ಮಾತು ಕೇಳುವುದಿಲ್ಲ.

ಈ ತಿಂಗಳ ಲೇಖನಕ್ಕೆ ಬಹಳ ಅಪರೂಪವಾದ ಒಂದು ವ್ಯಾಧಿಯನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ಯಕೃತ್ತಿನಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ಹುಟ್ಟಿದ ಕ್ಯಾನ್ಸರ್ ಬಾಯಿಗೆ ಹರಡುವ ವ್ಯಾಧಿಯದು. ಓದುಗರಲ್ಲಿ ಭಯ ಹುಟ್ಟಿಸುವ ಉದ್ದೇಶ ನನಗಿಲ್ಲ. ಈ ಅಪರೂಪದ ವ್ಯಾಧಿಯ ಹಿಂದೆ ಅಪರೂಪವಲ್ಲದ ಹಲವು ಉದಾಸೀನಗಳು ಅಡಗಿವೆ. ಅವುಗಳ ಕಡೆಗೆ ಕೈತೋರಿಸುವುದಷ್ಟೇ ನನ್ನ ಉದ್ದೇಶ.

ಒಂದು ಸಾಮಾನ್ಯ ಕ್ರಮ

ಇಂತಹ ಪ್ರಕರಣಗಳ ವೈದ್ಯಕೀಯ ವರದಿಗಳನ್ನು ಓದಿದರೆ ಒಂದೇ ಬಗೆಯ ಕ್ರಮ ಮತ್ತೆ ಮತ್ತೆ ಎದುರಾಗುತ್ತದೆ. ಅದನ್ನು ನಮ್ಮ ಊರಿಗೆ ಹೊಂದಿಸಿ ಹೇಳುತ್ತೇನೆ. ಇದು ಯಾವ ಒಬ್ಬ ವ್ಯಕ್ತಿಯ ಕಥೆಯೂ ಅಲ್ಲವೆಂದು ಓದುಗರು ತಿಳಿಯಬೇಕು.

ಐವತ್ತು ದಾಟಿದ ಒಬ್ಬ ಗಂಡಸು. ಕೆಳದವಡೆಯ ಹಿಂಬದಿಯಲ್ಲಿ, ದವಡೆಹಲ್ಲಿನ ಬಳಿ, ಬಾವು ಕಾಣಿಸುತ್ತದೆ. ಹಲ್ಲು ಅಲುಗಾಡುತ್ತದೆ. ಹುಳುಕು ಹಲ್ಲಿರಬೇಕೆಂದು ಬಗೆದು ಕೀಳಿಸುತ್ತಾರೆ. ಕಿತ್ತ ಜಾಗ ಮಾಯುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಅಲ್ಲಿ ಕೆಂಪಗಿನ, ಮೆತ್ತಗಿನ ಗಂಟೊಂದು ಬೆಳೆಯುತ್ತದೆ. ಮುಟ್ಟಿದರೆ ರಕ್ತ ಧಾರೆಯಾಗಿ ಹರಿಯುತ್ತದೆ. ಕೆಳತುಟಿಯ ಒಂದು ಬದಿಯಲ್ಲಿ ಮತ್ತು ಗದ್ದದಲ್ಲಿ ಜೋಮು ಹಿಡಿದಂತಾಗುತ್ತದೆ. ನೋಡಿದವರೆಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: ‘ಗುಟ್ಕಾ ಹಾಕುತ್ತೀರಾ?’ ಆತ ಹೌದೆಂದರೆ ಬಾಯಿಯ ಕ್ಯಾನ್ಸರ್ ಎಂಬ ಊಹೆ, ಇಲ್ಲವೆಂದರೆ ಒಸಡಿನ ಸೋಂಕು ಎಂಬ ಊಹೆ. ಕೊನೆಗೆ ಗಂಟಿನ ಚೂರೊಂದನ್ನು ತೆಗೆದು ಬಯಾಪ್ಸಿಗೆ ಕಳುಹಿಸಿದಾಗ ಸೂಕ್ಷ್ಮದರ್ಶಕದ ಕೆಳಗೆ ಕಾಣುವ ಜೀವಕೋಶಗಳು ಬಾಯಿಯವೇ ಅಲ್ಲ, ಯಕೃತ್ತಿನವು! ಆಮೇಲೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರೆ ಯಕೃತ್ತಿನಲ್ಲಿ ದೊಡ್ಡ ಗೆಡ್ಡೆ ಕಾಣುತ್ತದೆ. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ವೈರಾಣು ಪತ್ತೆಯಾಗುತ್ತದೆ. ಅದು ಎಷ್ಟೋ ದಶಕಗಳಿಂದ ಆ ಶರೀರದಲ್ಲಿತ್ತು. ಯಾರೂ ಕೇಳಿರಲಿಲ್ಲ, ಅದೂ ಹೇಳಿರಲಿಲ್ಲ.

ಯಕೃತ್ತಿನಿಂದ ಬಾಯಿಗೆ ದಾರಿ ಯಾವುದು?

ಬಾಯಿಯಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಬಾಯಿಯಲ್ಲಿಯೇ ಹುಟ್ಟಿದವು. ದೇಹದ ಬೇರೆಡೆಯಿಂದ ಹರಡಿ ಬಂದವು ನೂರಕ್ಕೆ ಸುಮಾರು ಒಂದು ಮಾತ್ರ. ಆ ಒಂದರಲ್ಲಿಯೂ ಗಂಡಸರಲ್ಲಿ ಶ್ವಾಸಕೋಶದಿಂದ ಬಂದವು, ಹೆಂಗಸರಲ್ಲಿ ಸ್ತನದಿಂದ ಬಂದವು ಹೆಚ್ಚು. ಯಕೃತ್ತಿನಿಂದ ಬಾಯಿಗೆ ಬಂದದ್ದು ಮತ್ತೂ ವಿರಳ. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ವರದಿಯಾಗಿರುವ ಇಂತಹ ಪ್ರಕರಣಗಳನ್ನು ಹತ್ತುಗಳ ಲೆಕ್ಕದಲ್ಲಿ ಎಣಿಸಬಹುದು.

ಯಕೃತ್ತಿನ ಕ್ಯಾನ್ಸರ್ ಹೊರಗೆ ಹರಡುವಾಗ ಸಾಮಾನ್ಯವಾಗಿ ಶ್ವಾಸಕೋಶ, ದುಗ್ಧಗ್ರಂಥಿ, ಮೂಳೆ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಸೇರುತ್ತದೆ. ಬಾಯಿಗೆ ಬರಲು ಎರಡು ದಾರಿಗಳುಂಟೆಂದು ತಜ್ಞರು ಹೇಳುತ್ತಾರೆ. ಮೊದಲನೆಯದು ರಾಜಮಾರ್ಗ. ಯಕೃತ್ತಿನ ಅಭಿಧಮನಿಯಿಂದ ಹೃದಯಕ್ಕೆ, ಹೃದಯದಿಂದ ಶ್ವಾಸಕೋಶಕ್ಕೆ, ಅಲ್ಲಿಯ ಸೂಕ್ಷ್ಮ ನಾಳಗಳ ಜರಡಿಯನ್ನು ದಾಟಿ ಮತ್ತೆ ಹೃದಯಕ್ಕೆ, ಕೊನೆಗೆ ಕತ್ತಿನ ಧಮನಿಯ ಮೂಲಕ ದವಡೆಗೆ. ಎರಡನೆಯದು ಓಣಿಯ ದಾರಿ. ಬೆನ್ನುಮೂಳೆಯ ಸುತ್ತ ಬಲೆಯಂತೆ ಹೆಣೆದುಕೊಂಡಿರುವ ಅಭಿಧಮನಿಗಳಿವೆ. ಅಮೆರಿಕದ ಅಂಗರಚನಾ ವಿಜ್ಞಾನಿ ಬ್ಯಾಟ್ಸನ್ 1940ರಲ್ಲಿ ಇವುಗಳ ಮಹತ್ವವನ್ನು ವಿವರಿಸಿದರು. ಈ ನಾಳಗಳಲ್ಲಿ ಕವಾಟಗಳಿಲ್ಲ. ಕೆಮ್ಮಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ರಕ್ತ ಹಿಮ್ಮುಖವಾಗಿಯೂ ಹರಿಯಬಲ್ಲದು. ಹಾಗೆ ಹರಿದಾಗ ಕ್ಯಾನ್ಸರ್ ಕೋಶಗಳು ಶ್ವಾಸಕೋಶದ ಜರಡಿಗೆ ಸಿಕ್ಕದೆ ನೇರವಾಗಿ ತಲೆಯ ಭಾಗವನ್ನು ತಲುಪಬಹುದು. ಶ್ವಾಸಕೋಶ ಶುದ್ಧವಾಗಿದ್ದರೂ ದವಡೆಯಲ್ಲಿ ಗೆಡ್ಡೆ ಕಾಣಿಸಿಕೊಳ್ಳುವುದು ಹೀಗೆ.

ತಲುಪಿದರೆ ಸಾಲದು, ಬೇರೂರಬೇಕು. ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿಯೇ ಇದನ್ನು ಬೀಜ ಮತ್ತು ನೆಲದ ಹೋಲಿಕೆಯಿಂದ ವಿವರಿಸಿದ್ದರು. ಒಕ್ಕಲುತನ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜ ಎಲ್ಲೆಡೆ ಬೀಳುತ್ತದೆ, ಹದವಾದ ನೆಲದಲ್ಲಿ ಮಾತ್ರ ಮೊಳೆಯುತ್ತದೆ. ಕೆಳದವಡೆಯ ಹಿಂಭಾಗದಲ್ಲಿ ರಕ್ತ ಉತ್ಪಾದಿಸುವ ಮಜ್ಜೆ ವಯಸ್ಕರಲ್ಲಿಯೂ ಅಲ್ಪಸ್ವಲ್ಪ ಉಳಿದಿರುತ್ತದೆ. ಬಹುಕಾಲದಿಂದ ಊದಿಕೊಂಡ ಒಸಡಿನಲ್ಲಿ ಹೊಸ ರಕ್ತನಾಳಗಳು ದಟ್ಟವಾಗಿ ಬೆಳೆದಿರುತ್ತವೆ. ಇವೆರಡೂ ಅಂತಹ ಹದವಾದ ನೆಲ. ಬಾಯಿಯ ಸ್ವಚ್ಛತೆಯನ್ನು ಕಡೆಗಣಿಸಬಾರದೆಂಬುದಕ್ಕೆ ಇದೂ ಒಂದು ಕಾರಣ.

ಬಾಯಿಯನ್ನು ಬಾಯಿಯೆಂದಷ್ಟೇ ನೋಡುವ ದೋಷ

ಇಲ್ಲಿ ನನ್ನ ಮೊದಲ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಒಸಡಿನಲ್ಲಿ ಗಂಟು ಕಂಡವರೆಲ್ಲರೂ ಯಕೃತ್ತಿನ ಕ್ಯಾನ್ಸರ್ ಎಂದು ಹೆದರುವುದು ಅವಿವೇಕ. ಒಸಡಿನ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ನಮ್ಮ ನಾಡಿನ ಬಾಯಿಯ ಕ್ಯಾನ್ಸರ್‌ಗಳಿಗೆ ತಂಬಾಕು ಮತ್ತು ಅಡಿಕೆಯ ಜಗಿತವೇ ಮುಖ್ಯ ಕಾರಣ. ಆದರೆ ‘ಬಾಯಿಯಲ್ಲಿ ಕಂಡದ್ದು ಬಾಯಿಯದೇ’ ಎಂಬ ತೀರ್ಮಾನಕ್ಕೆ ಬಯಾಪ್ಸಿಗೆ ಮೊದಲೇ ಬಂದುಬಿಡುವುದು ಅದಕ್ಕಿಂತ ದೊಡ್ಡ ಅವಿವೇಕ. ಬೇರೆ ಅಂಗದಿಂದ ಬಾಯಿಗೆ ಹರಡಿ ಬಂದ ಕ್ಯಾನ್ಸರ್‌ಗಳಲ್ಲಿ ಸುಮಾರು ನಾಲ್ಕನೆಯ ಒಂದು ಭಾಗದಲ್ಲಿ, ಮೂಲ ಅಂಗದ ಕಾಯಿಲೆ ಆವರೆಗೆ ಯಾರಿಗೂ ತಿಳಿದೇ ಇರುವುದಿಲ್ಲ. ಬಾಯಿಯ ಗಂಟೇ ಮೊದಲ ಸುಳಿವು.

ನಮ್ಮ ವೈದ್ಯಕೀಯ ವ್ಯವಸ್ಥೆಯಲ್ಲಿ ಹಲ್ಲಿನ ವೈದ್ಯರದು ಒಂದು ಮನೆ, ಉಳಿದ ವೈದ್ಯರದು ಇನ್ನೊಂದು ಮನೆ. ನಡುವೆ ಗೋಡೆ. ಹೊಟ್ಟೆಯ ವೈದ್ಯರು ನಾಲಿಗೆ ತೋರಿಸಿ ಎನ್ನುತ್ತಾರೆ, ಒಸಡನ್ನು ನೋಡುವುದಿಲ್ಲ. ಹಲ್ಲಿನ ವೈದ್ಯರು ಒಸಡು ನೋಡುತ್ತಾರೆ, ಹಿಂದೆ ಕಾಮಾಲೆ ಬಂದಿತ್ತೇ ಎಂದು ಕೇಳಲು ಅವರಿಗೆ ಪುರುಸೊತ್ತಿರುವುದಿಲ್ಲ. ರೋಗಿಯೂ ಹೇಳುವುದಿಲ್ಲ. ಹಲ್ಲು ಕೀಳಿಸಲು ಬಂದವನು ಲಿವರ್ ವಿಷಯವನ್ನೇಕೆ ಹೇಳಬೇಕೆಂದು ಅವನ ಎಣಿಕೆ.

ಹೇಳಲೇಬೇಕು, ಅದಕ್ಕೆ ಬಲವಾದ ಕಾರಣವಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳಲ್ಲಿ ಬಹುತೇಕವನ್ನು ತಯಾರಿಸುವುದು ಯಕೃತ್ತು. ಅದು ಹದಗೆಟ್ಟವರಲ್ಲಿ ಹಲ್ಲು ಕಿತ್ತಾಗ ರಕ್ತ ಬೇಗ ನಿಲ್ಲುವುದಿಲ್ಲ. ಯಕೃತ್ತಿನಿಂದ ಹರಡಿ ಬಂದ ಗಂಟಾದರೋ ರಕ್ತನಾಳಗಳಿಂದ ತುಂಬಿರುತ್ತದೆ. ಸಾಮಾನ್ಯ ಗಂಟೆಂದು ಬಗೆದು ಸಣ್ಣ ಕ್ಲಿನಿಕ್ಕಿನಲ್ಲಿ ಕತ್ತರಿಸಲು ಹೋದರೆ ಪ್ರಾಣಕ್ಕೆ ಸಂಚಕಾರ ಬರಬಹುದು. ಆದ್ದರಿಂದ ವೈದ್ಯರು ಕೇಳದಿದ್ದರೂ ರೋಗಿಯೇ ಹೇಳಲಿ. ಕಾಮಾಲೆ ಬಂದಿತ್ತೇ, ರಕ್ತ ಹಾಕಿಸಿಕೊಂಡದ್ದುಂಟೇ, ಮನೆಯಲ್ಲಿ ಯಾರಿಗಾದರೂ ಲಿವರ್ ಕಾಯಿಲೆ ಇತ್ತೇ ಎಂಬುದನ್ನು ತಿಳಿಸಲು ಒಂದು ನಿಮಿಷ ಸಾಕು.

ವೈಟ್‌ಫೀಲ್ಡಿನ ವೈದೇಹಿ ಸಂಸ್ಥೆಯಂತೆ ದಂತ ವೈದ್ಯಕೀಯ ಕಾಲೇಜು ಮತ್ತು ವೈದ್ಯಕೀಯ ಕಾಲೇಜು ಎರಡೂ ಜೊತೆಗಿರುವ ಆವರಣಗಳು ನಮ್ಮಲ್ಲಿವೆ. ಬೆಂಗಳೂರು ಕೋಟೆ ಪ್ರದೇಶದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೂ ವಿಕ್ಟೋರಿಯಾ ಆಸ್ಪತ್ರೆಗೂ ಕೂಗಳತೆಯ ದೂರ. ಕಟ್ಟಡಗಳು ಹತ್ತಿರವಿವೆ. ಹತ್ತಿರವಾಗಬೇಕಾದದ್ದು ಎರಡೂ ಕಡೆಯವರು ಕೇಳುವ ಪ್ರಶ್ನೆಗಳು.

‘ನಾನು ಕುಡಿಯುವವನಲ್ಲ’ ಎಂಬ ನೆಮ್ಮದಿ

ಎರಡನೆಯ ಅಭಿಪ್ರಾಯ ನಮ್ಮ ಭಕ್ತ ಸಮುದಾಯಕ್ಕೆ ನೇರವಾಗಿ ಸಂಬಂಧಿಸಿದ್ದು. ಯಕೃತ್ತಿನ ಮಾತೆತ್ತಿದರೆ ಬಹಳ ಮಂದಿ, ‘ನಮ್ಮ ಮನೆತನದಲ್ಲಿ ಮದ್ಯ ಮುಟ್ಟಿದವರಿಲ್ಲ, ಮಾಂಸ ಮುಟ್ಟಿದವರಿಲ್ಲ, ಆ ರೋಗ ನಮಗೇಕೆ ಬಂದೀತು?’ ಎನ್ನುತ್ತಾರೆ. ಮದ್ಯವರ್ಜನೆ ಶ್ರೇಷ್ಠವೇ. ಮದ್ಯ ಯಕೃತ್ತಿನ ಪರಮಶತ್ರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಒಬ್ಬನೇ ಶತ್ರುವಲ್ಲ. ಆಚಾರವು ಒಂದು ಬಾಗಿಲನ್ನು ಮುಚ್ಚಿದೆ, ಇನ್ನೂ ನಾಲ್ಕು ಬಾಗಿಲುಗಳು ತೆರೆದಿವೆ.

ಮೊದಲನೆಯದು ಹೆಪಟೈಟಿಸ್ ಬಿ. ಸೋಂಕಿತ ತಾಯಿಯಿಂದ ಹೆರಿಗೆಯ ಸಮಯದಲ್ಲಿ ಮಗುವಿಗೆ, ಶುದ್ಧಿ ಮಾಡದ ಸೂಜಿಯಿಂದ, ಹಚ್ಚೆಯ ಸೂಜಿಯಿಂದ, ಹಲವರಿಗೆ ಬಳಸಿದ ಕ್ಷೌರದ ಬ್ಲೇಡಿನಿಂದ, ಪರೀಕ್ಷಿಸದ ರಕ್ತದಿಂದ, ದೈಹಿಕ ಸಂಪರ್ಕದಿಂದ ಇದು ಹರಡುತ್ತದೆ. ಶೈಶವದಲ್ಲಿ ತಗುಲಿದ ಸೋಂಕು ಬಹುಮಟ್ಟಿಗೆ ಜೀವನಪರ್ಯಂತ ಉಳಿಯುತ್ತದೆ. ಅನೇಕರಿಗೆ ದಶಕಗಳವರೆಗೆ ಯಾವ ಲಕ್ಷಣವೂ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ 2022ರಲ್ಲಿ 2.98 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ, 55 ಲಕ್ಷ ಜನರಲ್ಲಿ ಹೆಪಟೈಟಿಸ್ ಸಿ ಇತ್ತು. ಇವರಲ್ಲಿ ಬಹುಸಂಖ್ಯಾತರಿಗೆ ಅದು ಗೊತ್ತೇ ಇಲ್ಲ. ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ಇಲ್ಲದೆಯೂ ಹೆಪಟೈಟಿಸ್ ಬಿ ನೇರವಾಗಿ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು.

ಎರಡನೆಯದು ಹೆಪಟೈಟಿಸ್ ಸಿ. ಇದೂ ರಕ್ತದಿಂದ ರಕ್ತಕ್ಕೆ ಹರಡುವಂಥದು. ಇದಕ್ಕೆ ಲಸಿಕೆ ಇಲ್ಲ. ಆದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯಲ್ಲಿ ಪೂರ್ತಿ ಗುಣವಾಗುತ್ತದೆ.

ಮೂರನೆಯದು ಕೊಬ್ಬಿದ ಯಕೃತ್ತು, ಅಂದರೆ ಫ್ಯಾಟಿ ಲಿವರ್. ಹೈದರಾಬಾದಿನ ಮಾಹಿತಿ ತಂತ್ರಜ್ಞಾನ ನೌಕರರ ಕುರಿತ ಒಂದು ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಬಂದ 345 ಮಂದಿಯಲ್ಲಿ ನೂರಕ್ಕೆ 84ರಷ್ಟು ಜನರ ಯಕೃತ್ತಿನಲ್ಲಿ ಕೊಬ್ಬು ಹೆಚ್ಚಾಗಿತ್ತು. ಸಣ್ಣ ಸಂಖ್ಯೆಯ ಅಧ್ಯಯನವಾದ್ದರಿಂದ ಅದನ್ನು ಇಡೀ ಉದ್ಯಮಕ್ಕೆ ಅನ್ವಯಿಸಲಾಗದು. ಆದರೂ ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ದಿನಚರಿ ಹೈದರಾಬಾದಿನ ದಿನಚರಿಗಿಂತ ಭಿನ್ನವೇನೂ ಅಲ್ಲ. ಹತ್ತು ಗಂಟೆ ಕುರ್ಚಿ, ಎರಡು ಗಂಟೆ ಹೊರವರ್ತುಲ ರಸ್ತೆಯ ವಾಹನ ದಟ್ಟಣೆ, ಮಧ್ಯರಾತ್ರಿಯ ಸಭೆ, ಮನೆ ಬಾಗಿಲಿಗೆ ಬರುವ ಊಟ. ಸಸ್ಯಾಹಾರವೆಂಬ ಒಂದೇ ಕಾರಣಕ್ಕೆ ಯಕೃತ್ತು ಕ್ಷೇಮವಾಗಿರುವುದಿಲ್ಲ. ಪಾಲಿಷ್ ಅಕ್ಕಿಯ ಅನ್ನ, ಮೈದಾ, ಸಕ್ಕರೆ, ಕರಿದ ತಿಂಡಿ ಎಲ್ಲವೂ ಸಸ್ಯಾಹಾರವೇ. ಇದರ ಜೊತೆಗೆ ಸಕ್ಕರೆ ಕಾಯಿಲೆ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ಫ್ಯಾಟಿ ಲಿವರ್ ಇದ್ದವರೆಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಬರುವವರು ಅತ್ಯಲ್ಪ. ಆದರೆ ಲಕ್ಷಾಂತರ ಜನರಲ್ಲಿ ಅತ್ಯಲ್ಪವೆಂದರೂ ಸಣ್ಣ ಸಂಖ್ಯೆಯಾಗದು.

ನಾಲ್ಕನೆಯದು ಬೂಷ್ಟು ಹಿಡಿದ ಕಾಳು. ಊರಿನಿಂದ ಚೀಲಗಟ್ಟಲೆ ತಂದ ಶೇಂಗಾ, ಮೆಕ್ಕೆಜೋಳಗಳನ್ನು ತೇವದ ಜಾಗದಲ್ಲಿಟ್ಟರೆ ಅವುಗಳ ಮೇಲೆ ಬೆಳೆಯುವ ಶಿಲೀಂಧ್ರವು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡುತ್ತದೆ. ಇದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವೆಂದು ಖಚಿತವಾಗಿದೆ. ಹೆಪಟೈಟಿಸ್ ಬಿ ಇದ್ದವರಲ್ಲಿ ಇದರ ಅಪಾಯ ಬಹುಪಾಲು ಹೆಚ್ಚು. ಮನೆಯಲ್ಲಿ ಹುರಿದ ಮಾತ್ರಕ್ಕೆ, ಕುದಿಸಿದ ಮಾತ್ರಕ್ಕೆ ಈ ವಿಷ ಪೂರ್ತಿ ನಾಶವಾಗುವುದಿಲ್ಲ. ಪೀಣ್ಯದ ಸುತ್ತಲಿನ ಒಂದೇ ಕೋಣೆಯ ಮನೆಗಳಲ್ಲಿ ಊರಿನ ಶೇಂಗಾದ ಚಟ್ನಿಪುಡಿ ಇಲ್ಲದ ಅಡುಗೆಮನೆ ಕಡಿಮೆ. ಚಟ್ನಿಪುಡಿಯನ್ನು ಬಿಡಬೇಕಾಗಿಲ್ಲ. ಮುಗ್ಗಿದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಆರಿಸಿ ಬಿಸಾಡಬೇಕು. ಅನ್ನವನ್ನು ಚೆಲ್ಲಬಾರದೆಂಬ ಸಂಸ್ಕಾರ ದೊಡ್ಡದು, ಆದರೆ ವಿಷವು ಅನ್ನವಲ್ಲ.

ಪಂಕ್ತಿಯಲ್ಲಿ ಕೂರಿಸುವ ಪ್ರಶ್ನೆ

ಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ ಜನ ಹಿಂಜರಿಯುವುದೇಕೆ? ಖರ್ಚಿನ ಭಯ ಒಂದು. ಅದಕ್ಕಿಂತ ದೊಡ್ಡದು ಕಳಂಕದ ಭಯ. ವೈರಾಣು ಇದೆಯೆಂದು ತಿಳಿದರೆ ಕೆಲಸ ಹೋದೀತು, ಮಗಳ ಸಂಬಂಧ ತಪ್ಪೀತು, ಮನೆಯಲ್ಲಿ ತಟ್ಟೆ ಲೋಟ ಬೇರೆ ಇಟ್ಟಾರು ಎಂಬ ಅಂಜಿಕೆ ಸುಳ್ಳಲ್ಲ. ಹಾಗೆ ನಡೆಯುತ್ತಲೂ ಇದೆ.

ಆದ್ದರಿಂದ ಒತ್ತಿ ಹೇಳಬೇಕಾಗಿದೆ. ಹೆಪಟೈಟಿಸ್ ಬಿ ಮತ್ತು ಸಿ ಜೊತೆಯಲ್ಲಿ ಕುಳಿತು ಉಂಡರೆ ಹರಡುವುದಿಲ್ಲ. ಒಂದೇ ಪಾತ್ರೆಯ ಅಡುಗೆ ಉಂಡರೆ, ಕೈ ಹಿಡಿದರೆ, ಅಪ್ಪಿಕೊಂಡರೆ, ಅವರು ಬಡಿಸಿದ್ದನ್ನು ತಿಂದರೆ ಹರಡುವುದಿಲ್ಲ. ನೀರು ಮತ್ತು ಆಹಾರದಿಂದ ಹರಡುವ ಕಾಮಾಲೆ ಬೇರೆ, ಅದನ್ನು ಹೆಪಟೈಟಿಸ್ ಎ ಮತ್ತು ಇ ಎನ್ನುತ್ತಾರೆ. ಈ ಎರಡು ಬಗೆಗಳನ್ನು ಕಲಸಿಕೊಂಡದ್ದರಿಂದಲೇ ಎಷ್ಟೋ ಮನೆಗಳಲ್ಲಿ ಅಮಾಯಕರು ಅಸ್ಪೃಶ್ಯರಂತೆ ಬದುಕುತ್ತಿದ್ದಾರೆ. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಪ್ರಸಾದ ನೀಡುವ ಪರಂಪರೆ ನಮ್ಮದು. ಜಾತಿಯ ಹೆಸರಿನಲ್ಲಿ ಪಂಕ್ತಿಭೇದ ಮಾಡುವುದನ್ನು ನಿರಾಕರಿಸಿದ ನಾವು ವೈರಾಣುವಿನ ಹೆಸರಿನಲ್ಲಿ ಪಂಕ್ತಿಭೇದ ಮಾಡಿದರೆ ಅದು ಮತ್ತೊಂದು ಅನಾಚಾರವೇ ಸರಿ.

ಕಾಮಾಲೆಗೆ ನಾಟಿ ಔಷಧಿಯ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹೆಪಟೈಟಿಸ್ ಎ, ಇ ಬಗೆಯ ಕಾಮಾಲೆ ಬಹುತೇಕರಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಸೊಪ್ಪಿನ ರಸಕ್ಕೆ ಸಲ್ಲುತ್ತದೆ. ಆ ನಂಬಿಕೆಯಿಂದಲೇ ಹೆಪಟೈಟಿಸ್ ಬಿ ಇದ್ದವರೂ ರಕ್ತಪರೀಕ್ಷೆ ಮಾಡಿಸದೆ ಸೊಪ್ಪು ಕುಡಿದು, ಕಣ್ಣಿನ ಹಳದಿ ಇಳಿಯಿತೆಂದು ಸುಮ್ಮನಾಗುತ್ತಾರೆ. ಹಳದಿ ಇಳಿದರೂ ವೈರಾಣು ಉಳಿದಿರಬಹುದು. ಔಷಧಿ ಯಾವುದೇ ಇರಲಿ, ರಕ್ತಪರೀಕ್ಷೆಯೊಂದು ಆಗಲೇಬೇಕು.

ಮಾಡಬಹುದಾದದ್ದು ಎಷ್ಟೋ ಇದೆ

ಬಾಯಿಗೆ ಹರಡುವ ಹಂತಕ್ಕೆ ಬಂದ ಯಕೃತ್ತಿನ ಕ್ಯಾನ್ಸರನ್ನು ಪೂರ್ತಿ ಗುಣಪಡಿಸುವುದು ಸಾಧ್ಯವಾಗುವುದಿಲ್ಲ. ಆಗ ಆಯುಷ್ಯದ ಲೆಕ್ಕ ಸಾಮಾನ್ಯವಾಗಿ ತಿಂಗಳುಗಳಲ್ಲಿ. ವಿಕಿರಣ ಚಿಕಿತ್ಸೆಯಿಂದ ನೋವು, ರಕ್ತಸ್ರಾವಗಳನ್ನು ಹಿಡಿತದಲ್ಲಿಡಬಹುದು. ಹೊಸ ಔಷಧಿಗಳಿಂದ ಕೆಲವರಿಗೆ ಕಾಲಾವಕಾಶ ದೊರೆಯುತ್ತದೆ. ಊಟ ನುಂಗಲು, ಮಾತನಾಡಲು ಆಗುವಂತೆ ನೋಡಿಕೊಳ್ಳುವ ಉಪಶಾಮಕ ಆರೈಕೆಯೂ ಚಿಕಿತ್ಸೆಯೇ. ಅದನ್ನು ಕೈಚೆಲ್ಲಿದ್ದು ಎಂದು ಭಾವಿಸಬಾರದು.

ಆದರೆ ಅದೇ ಕ್ಯಾನ್ಸರ್ ಯಕೃತ್ತಿನಲ್ಲಿ ಎರಡು ಮೂರು ಸೆಂಟಿಮೀಟರ್ ಇದ್ದಾಗ ಪತ್ತೆಯಾದರೆ ಶಸ್ತ್ರಕ್ರಿಯೆಯಿಂದ ತೆಗೆಯಬಹುದು, ಶಾಖದಿಂದ ಸುಡಬಹುದು, ಆಯ್ದವರಲ್ಲಿ ಯಕೃತ್ತಿನ ಕಸಿ ಮಾಡಬಹುದು. ಅದಕ್ಕೂ ಹಿಂದೆ ಹೆಪಟೈಟಿಸ್ ಬಿ ಹಂತದಲ್ಲಿಯೇ ತಿಳಿದರೆ, ಅಗತ್ಯವುಳ್ಳವರಲ್ಲಿ ದಿನಕ್ಕೊಂದು ಮಾತ್ರೆಯಿಂದ ವೈರಾಣುವನ್ನು ಅಡಗಿಸಿ ಕ್ಯಾನ್ಸರ್‌ನ ಅಪಾಯವನ್ನು ಗಣನೀಯವಾಗಿ ತಗ್ಗಿಸಬಹುದು. ಅದಕ್ಕೂ ಹಿಂದೆ ಲಸಿಕೆಯಿಂದ ಸೋಂಕನ್ನೇ ತಡೆಯಬಹುದು. ತೈವಾನ್ ದೇಶ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಮುಂದಿನ ವರ್ಷಗಳಲ್ಲಿ ಅಲ್ಲಿಯ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಗಮನಾರ್ಹವಾಗಿ ಇಳಿಯಿತು. ಕ್ಯಾನ್ಸರನ್ನು ಲಸಿಕೆಯಿಂದ ತಡೆಯಬಹುದೆಂದು ಜಗತ್ತು ಕಲಿತದ್ದು ಹೀಗೆ. ನಮ್ಮ ದೇಶದಲ್ಲಿ ಈ ಲಸಿಕೆ ಸಾರ್ವತ್ರಿಕ ಕಾರ್ಯಕ್ರಮದಡಿ ಇಡೀ ದೇಶವನ್ನು ತಲುಪಿದ್ದು 2011-12ರ ಹೊತ್ತಿಗೆ. ಎಂದರೆ, ಇಂದು ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ದುಡಿಯುತ್ತಿರುವ ಪೀಳಿಗೆಯ ಬಹುಪಾಲು ಜನ ಶೈಶವದಲ್ಲಿ ಈ ರಕ್ಷಣೆ ಪಡೆದವರಲ್ಲ.

ಇಲ್ಲಿಂದಲೇ ನನ್ನ ಮೂರನೆಯ ಅಭಿಪ್ರಾಯ ಹೊರಡುತ್ತದೆ. ಕೈಗಾರಿಕಾ ವಲಯದ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ಎರಡು ಸಂಗತಿಗಳು ಸೇರಬೇಕು. ಜೀವಮಾನದಲ್ಲಿ ಒಮ್ಮೆ ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆ, ಪ್ರತಿವರ್ಷ ಬೆಳಕು ಹಿಡಿದು ಬಾಯಿಯ ಪರೀಕ್ಷೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ 40 ವರ್ಷ ದಾಟಿದ ಕಾರ್ಮಿಕರಿಗೆ ಉಚಿತ ವಾರ್ಷಿಕ ತಪಾಸಣೆಯ ಭರವಸೆ ಇದೆ. ಆ ತಪಾಸಣೆ ತೂಕ, ರಕ್ತದೊತ್ತಡ, ಸಕ್ಕರೆ ಬರೆದು ಸಹಿ ಹಾಕುವುದಕ್ಕೆ ಮುಗಿಯಬಾರದು. ಬಾಯಿಯ ಪರೀಕ್ಷೆಗೆ ಬೇಕಾದದ್ದು ಒಂದು ಟಾರ್ಚ್, ಒಂದು ಕನ್ನಡಿ, ಐದು ನಿಮಿಷ. ತಂಬಾಕಿನಿಂದ ಬರುವ ಬಾಯಿಯ ಕ್ಯಾನ್ಸರ್ ಕೂಡ ಆ ಐದು ನಿಮಿಷಗಳಲ್ಲಿಯೇ ಪತ್ತೆಯಾಗುತ್ತದೆ.

ಇದಕ್ಕೆ ಆಕ್ಷೇಪಗಳುಂಟು. ಅವನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು, ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿದರೆ ಹಣ ಪೋಲು, ಅನಗತ್ಯ ಆತಂಕ. ಇದು ನಿಜ. ಆದ್ದರಿಂದಲೇ ಎಲ್ಲರಿಗೂ ಪ್ರತಿವರ್ಷ ಹೊಟ್ಟೆಯ ಸ್ಕ್ಯಾನಿಂಗ್ ಆಗಲಿ ಎಂದು ನಾನು ಹೇಳುವುದಿಲ್ಲ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಬೇಕಾದದ್ದು ಸಿರೋಸಿಸ್ ಇದ್ದವರಿಗೆ ಮತ್ತು ಹೆಪಟೈಟಿಸ್ ಬಿ ಇದ್ದವರಲ್ಲಿ ವೈದ್ಯರು ಸೂಚಿಸಿದವರಿಗೆ. ಆದರೆ ಆ ಗುಂಪಿನಲ್ಲಿ ತಾನಿದ್ದೇನೆಯೇ ಎಂದು ತಿಳಿಯಲು ರಕ್ತಪರೀಕ್ಷೆ ಒಮ್ಮೆ ಆಗಲೇಬೇಕಲ್ಲವೇ? ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 18 ವರ್ಷ ದಾಟಿದ ಪ್ರತಿಯೊಬ್ಬರೂ ಜೀವಮಾನದಲ್ಲಿ ಒಮ್ಮೆಯಾದರೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು 2023ರಲ್ಲಿ ಶಿಫಾರಸು ಮಾಡಿದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಪರೀಕ್ಷೆಯ ಫಲಿತಾಂಶ ಮಾಲೀಕರ ಕೈಗೆ ಸಿಕ್ಕರೆ ಕಾರ್ಮಿಕನ ಅನ್ನಕ್ಕೇ ಕುತ್ತು ಬರಬಹುದು. ಗುತ್ತಿಗೆ ಕಾರ್ಮಿಕನನ್ನು ನಾಳೆಯಿಂದ ಬರಬೇಡವೆನ್ನಲು ಕಾರಣವನ್ನೂ ಹೇಳಬೇಕಾಗಿಲ್ಲ. ಆದ್ದರಿಂದ ಈ ಪರೀಕ್ಷೆಯ ಫಲಿತಾಂಶವು ಪರೀಕ್ಷೆಗೆ ಒಳಗಾದವನಿಗೆ ಮತ್ತು ಅವನ ವೈದ್ಯರಿಗೆ ಮಾತ್ರ ತಿಳಿಯಬೇಕು. ಕಾರ್ಖಾನೆಯ ಆಡಳಿತ ಕಚೇರಿಯ ಕಡತಕ್ಕೆ ಅದು ಹೋಗಕೂಡದು. ಈ ಗೋಪ್ಯತೆ ಇಲ್ಲದಿದ್ದರೆ ಕಾರ್ಖಾನೆಯ ಆವರಣದಲ್ಲಿ ಪರೀಕ್ಷೆಯೇ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ, ಮಠಗಳ ಮತ್ತು ಸೇವಾಸಂಸ್ಥೆಗಳ ಶಿಬಿರಗಳಲ್ಲಿ ಆಗಲಿ. ರಕ್ತದಾನ, ನೇತ್ರ ತಪಾಸಣೆ, ಸಕ್ಕರೆ ತಪಾಸಣೆಯ ಶಿಬಿರಗಳನ್ನು ನಡೆಸುವ ನಮಗೆ ಈ ಎರಡನ್ನು ಸೇರಿಸಿಕೊಳ್ಳುವುದು ಭಾರವಲ್ಲ. ಒಬ್ಬ ದಂತವೈದ್ಯರೂ ಒಬ್ಬ ಸಾಮಾನ್ಯ ವೈದ್ಯರೂ ಒಂದೇ ಮೇಜಿನ ಬಳಿ ಕುಳಿತರೆ ಮೇಲೆ ಹೇಳಿದ ಗೋಡೆ ಅಲ್ಲಿಯೇ ಅರ್ಧ ಕುಸಿಯುತ್ತದೆ.

ಖರ್ಚಿನ ವಿಷಯ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಔಷಧಿ ನಿಗದಿತ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಕಾರ್ಮಿಕ ರಾಜ್ಯ ವಿಮೆಗೆ ಒಳಪಟ್ಟವರಿಗೆ ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಕ್ಯಾನ್ಸರ್‌ನಂತಹ ದೀರ್ಘ ಕಾಯಿಲೆ ಬಂದರೆ ನಿಯಮಗಳಿಗೆ ಒಳಪಟ್ಟು ಎರಡು ವರ್ಷಗಳವರೆಗೆ ವೇತನದ ನೂರಕ್ಕೆ 80ರಷ್ಟು ಪರಿಹಾರ ಪಡೆಯುವ ಹಕ್ಕೂ ಇದೆ. ಈ ಹಕ್ಕನ್ನು ತಿಳಿಯದೆ ರಾಜೀನಾಮೆ ಬರೆದುಕೊಟ್ಟು ಊರಿಗೆ ಹೋಗಬಾರದು. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. 1973ರಿಂದ ನಾಡಿನ ಜನರಿಗೆ ಆಸರೆಯಾಗಿರುವ ಕಿದ್ವಾಯಿ ಗಂಥಿ ಸಂಸ್ಥೆ ನಮ್ಮ ನಗರದಲ್ಲಿಯೇ ಇದೆ.

ಸದ್ಭಕ್ತರು ಗಮನಿಸಬೇಕಾದ ಅಂಶಗಳು

1. ಬಾಯಿಯ ಹುಣ್ಣು, ಗಂಟು, ಬಾವು ಎರಡು ವಾರಗಳಲ್ಲಿ ವಾಸಿಯಾಗದಿದ್ದರೆ ವೈದ್ಯರಿಗೆ ತೋರಿಸಿರಿ. ಬಯಾಪ್ಸಿ ಬೇಕೆಂದರೆ ಹಿಂಜರಿಯಬೇಡಿರಿ. ಬಯಾಪ್ಸಿಯಿಂದ ಕ್ಯಾನ್ಸರ್ ಹಬ್ಬುತ್ತದೆಂಬ ಮಾತಿಗೆ ಕಿವಿಗೊಡಬೇಡಿರಿ.

2. ಹಲ್ಲು ಕಿತ್ತ ಜಾಗ ಮಾಯದಿರುವುದು, ಕಾರಣವಿಲ್ಲದೆ ಹಲ್ಲು ಸಡಿಲವಾಗುವುದು, ಕೆಳತುಟಿ ಅಥವಾ ಗದ್ದದಲ್ಲಿ ಜೋಮು, ಮುಟ್ಟಿದೊಡನೆ ರಕ್ತ ಸುರಿಸುವ ಗಂಟು, ಇವು ಅಲಕ್ಷಿಸಬಾರದ ಲಕ್ಷಣಗಳು.

3. ಹಲ್ಲು ಕೀಳಿಸುವ ಮೊದಲು ಕಾಮಾಲೆ, ಯಕೃತ್ತಿನ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯವನ್ನು ದಂತವೈದ್ಯರಿಗೆ ತಿಳಿಸಿರಿ.

4. ಒಮ್ಮೆಯಾದರೂ ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಿರಿ. ಸೋಂಕಿಲ್ಲದಿದ್ದರೆ ವೈದ್ಯರ ಸಲಹೆಯಂತೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದುಗಳನ್ನು ಪಡೆಯಿರಿ. ಸೋಂಕಿದ್ದರೆ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಲಿ.

5. ಗರ್ಭಿಣಿಯರಿಗೆ ಈ ಪರೀಕ್ಷೆ ತಪ್ಪಬಾರದು. ಶಿಶುವಿಗೆ ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆ ಬೀಳಲಿ.

6. ಕ್ಷೌರಕ್ಕೆ ಹೊಸ ಬ್ಲೇಡನ್ನೇ ಕೇಳಿರಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವ ಮೊದಲು ಸೂಜಿಯನ್ನು ನೋಡಿರಿ.

7. ಗುಟ್ಕಾ, ತಂಬಾಕು, ಮದ್ಯಗಳನ್ನು ತ್ಯಜಿಸಿರಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ತೂಕ, ಸಕ್ಕರೆ ಹಿಡಿತದಲ್ಲಿರಲಿ.

ಬಾಯಿಗೆ ಬಂದ ಯಕೃತ್ತಿನ ಕ್ಯಾನ್ಸರ್ ಕೋಟಿಗೊಬ್ಬರಿಗೆ ಬರುವಂಥದು. ಈ ಲೇಖನ ಓದಿದವರಲ್ಲಿ ಯಾರಿಗೂ ಅದು ಬಾರದಿರಲಿ, ಬರುವ ಸಂಭವವೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ರಕ್ತದಲ್ಲಿ ವೈರಾಣುವನ್ನು ಇಟ್ಟುಕೊಂಡು, ಅದನ್ನು ಅರಿಯದೆ, ನಾಳೆಯೂ ಮುಂಜಾನೆಯ ಪಾಳಿಗೆ ಹೊರಡುವವರು ನಮ್ಮ ನಡುವೆ ಇದ್ದಾರೆ. ಅವರು ನಮ್ಮ ಪಕ್ಕದಲ್ಲಿಯೇ ಪ್ರಸಾದಕ್ಕೆ ಕುಳಿತಿರಬಹುದು, ನಾವೇ ಅವರಾಗಿರಲೂಬಹುದು. ಅವರ ಯಕೃತ್ತು ಇನ್ನೂ ಮೌನವಾಗಿದೆ. ಅದು ಬಾಯಿಯ ಮೂಲಕ ಮಾತನಾಡುವವರೆಗೆ ಕಾಯುವುದು ಬೇಡ. ಮುಂದಿನ ಭಾನುವಾರ ಬಿಡುವು ಮಾಡಿಕೊಂಡು, ಮನೆಯ ಹಿರಿಯರೊಬ್ಬರನ್ನೂ ಕರೆದುಕೊಂಡು, ಬಾಯಿ ತೋರಿಸಿ, ರಕ್ತ ಕೊಟ್ಟು ಬನ್ನಿರಿ.